ನಾಳೆ ಬಾ: ಮಕ್ಕಳ ದೆವ್ವದ ಕಥೆಗಳ ಬಗ್ಗೆ ಒಂದಿಷ್ಟು ಮಾತು

(ಸಂಘದ ವಾರ್ಷಿಕ ಸಮಾರಂಭದಲ್ಲಿ, ಶ್ರೀನಗರದ ಪ್ರಾಥಮಿಕ ಶಾಲೆಯೊಂದರ ಕನ್ನಡ ಶಿಕ್ಷಕಿ ಮಾಡಿದ ಭಾಷಣದ ಬರಹರೂಪ)



ಈ ವೇದಿಕೆಯಿಂದ ಸಾಮಾನ್ಯವಾಗಿ ಕೇಳಿಬರುವ ಮಾತು ವಿದ್ಯಾರ್ಥಿವೇತನದ್ದು, ಎಸ್ಸೆಸ್ಸೆಲ್ಸಿ ಫಲಿತಾಂಶದ್ದು, ಪಿಯುಸಿ ಆದ ಮೇಲೆ ಯಾವ ಕೋರ್ಸಿಗೆ ಸೇರಬೇಕು ಎಂಬುದರದ್ದು. ಕಾರ್ಯದರ್ಶಿಗಳು ಫೋನ್ ಮಾಡಿ, "ಈ ಸಲ ನೀವು ಮಾತಾಡಬೇಕು ಟೀಚರ್, ವಿಷಯ ನೀವೇ ಆರಿಸಿ" ಅಂದಾಗ ನಾನು "ದೆವ್ವದ ಕಥೆ" ಅಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದೇ ಇಲ್ಲ. ಆಮೇಲೆ ಬಹಳ ವಿನಯದಿಂದ, "ಮಕ್ಕಳ ಸಾಹಿತ್ಯ ಅಂತ ಹಾಕಿಸ್ತೀವಿ" ಅಂದರು. ಆಹ್ವಾನ ಪತ್ರಿಕೆಯಲ್ಲಿ ಹಾಗೇ ಅಚ್ಚಾಗಿದೆ. ಆದರೆ ನಾನು ಮಾತಾಡುವುದು ದೆವ್ವದ ಬಗ್ಗೆಯೇ. ಅದರಲ್ಲೂ ಚಿಕ್ಕ ಮಕ್ಕಳಿಗೆ ಹೇಳುವ, ಸ್ವಲ್ಪ ಹೆದರಿಸಿ ಆಮೇಲೆ ನಗಿಸುವ ದೆವ್ವದ ಬಗ್ಗೆ.

ನಿಮ್ಮಲ್ಲಿ ನಲವತ್ತು ದಾಟಿದವರಿಗೆ ಚೆನ್ನಾಗಿ ನೆನಪಿರಬೇಕು. 1990ರ ದಶಕದಲ್ಲಿ ಬೆಂಗಳೂರಿನ ಬೀದಿಬೀದಿಗಳಲ್ಲಿ ಮನೆ ಬಾಗಿಲಿನ ಮೇಲೆ, ಪಕ್ಕದ ಗೋಡೆಯ ಮೇಲೆ ಸೀಮೆಸುಣ್ಣದಿಂದಲೋ ಇದ್ದಿಲಿನಿಂದಲೋ ಎರಡು ಪದ ಬರೆದಿರುತ್ತಿದ್ದರು: ನಾಳೆ ಬಾ. ರಾತ್ರಿ ಹೊತ್ತು ಒಂದು ಹೆಣ್ಣು ದೆವ್ವ ಬರುತ್ತದೆ, ಬಾಗಿಲು ತಟ್ಟುತ್ತದೆ, ಮನೆಯವರ ದನಿಯಲ್ಲೇ ಹೆಸರು ಹಿಡಿದು ಕೂಗುತ್ತದೆ, ಬಾಗಿಲು ತೆಗೆದರೆ ಮುಗಿಯಿತು ಎಂದು ಸುದ್ದಿ. ಯಾರು ಹುಟ್ಟಿಸಿದರೋ, ಯಾವ ಬಡಾವಣೆಯಲ್ಲಿ ಶುರುವಾಯಿತೋ, ಪ್ರತಿಯೊಬ್ಬರೂ "ಅಲ್ಲೆಲ್ಲೋ ಆಯಿತಂತೆ" ಎನ್ನುವವರೇ. ಅದಕ್ಕೆ ಜನ ಕಂಡುಕೊಂಡ ಉಪಾಯ ನೋಡಿ. ಹೋಮವಿಲ್ಲ, ತಾಯಿತವಿಲ್ಲ, ಖರ್ಚಿಲ್ಲ. ಬಾಗಿಲ ಮೇಲೆ "ನಾಳೆ ಬಾ" ಎಂದು ಬರೆದರೆ ದೆವ್ವ ಬಂದು ಓದಿ, "ಓಹೋ, ನಾಳೆ ಬರಬೇಕಂತೆ" ಎಂದು ಹಿಂದಿರುಗುತ್ತದೆ. ಮರುದಿನ ಬಂದರೆ ಮತ್ತೆ ಅದೇ. ಸಾಲ ಕೇಳಲು ಬಂದವರಿಗೆ ಹೇಳುವ ಉತ್ತರವನ್ನೇ ನಮ್ಮ ಊರು ದೆವ್ವಕ್ಕೂ ಹೇಳಿ ಕಳಿಸಿತು. 2018ರಲ್ಲಿ ಬಂದ 'ಸ್ತ್ರೀ' ಎಂಬ ಹಿಂದಿ ಸಿನಿಮಾದಲ್ಲಿ ಇಂಥದೇ ಗೋಡೆಬರಹ ನೋಡಿ ನೀವೆಲ್ಲ ನಕ್ಕಿದ್ದೀರಿ. ಅದನ್ನು ನಾವು ಅಷ್ಟು ಮೊದಲೇ ನಮ್ಮ ಬಾಗಿಲುಗಳ ಮೇಲೆ ಓದಿದ್ದೆವು.

ಈ ಕಥೆಯಲ್ಲಿ ನನಗೆ ಇವತ್ತಿಗೂ ಇಷ್ಟವಾಗುವ ಅಂಶ ಒಂದೇ. ಆ ದೆವ್ವಕ್ಕೆ ಓದಲು ಬರುತ್ತಿತ್ತು! ಅದೂ ಕನ್ನಡ ಓದಲು. ಶಿಕ್ಷಣ ಸಂಘದ ವೇದಿಕೆಯಲ್ಲಿ ಇದನ್ನು ಹೇಳದಿದ್ದರೆ ಹೇಗೆ?

ಆಗ ನನಗೆ ಹತ್ತು ವರ್ಷವಿರಬಹುದು. ನಮ್ಮದು ಇಲ್ಲೇ ಶ್ರೀನಗರದ ಒಂದು ವಠಾರ. ಬಸ್ ನಿಲ್ದಾಣದ ಗದ್ದಲ ಮುಗಿದು ರಾತ್ರಿಯಾದರೆ ಕೆಂಪಾಂಬುಧಿ ಕೆರೆಯ ಕಡೆಯಿಂದ ಕಪ್ಪೆಗಳ ಸದ್ದು ಕೇಳುತ್ತದೆ ಎಂದು ನಮ್ಮ ನಾನಿ ಹೇಳುತ್ತಿದ್ದರು. ಅಷ್ಟು ದೂರದಿಂದ ಕೇಳುತ್ತಿತ್ತೋ ಇಲ್ಲವೋ, ನಾವಂತೂ ಕೇಳಿಸಿಕೊಳ್ಳುತ್ತಿದ್ದೆವು. ಅಬ್ಬಾ ಗ್ಯಾರೇಜಿನಲ್ಲಿ ಕೆಲಸ, ಅಮ್ಮಿ ಮನೆಯಲ್ಲೇ ಅಗರಬತ್ತಿ ಹೊಸೆಯುತ್ತಿದ್ದರು. ಮನೆಮಾತು ದಖನಿ. ವಠಾರದ ನಮ್ಮ ಸಾಲಿನ ಆರು ಮನೆಗಳಲ್ಲಿ ಕನ್ನಡ ಬರೆಯಲು ಬರುತ್ತಿದ್ದವಳು ನಾನೊಬ್ಬಳೇ, ಶಾಲೆಯಲ್ಲಿ ಕಲಿತಷ್ಟು. ಸುದ್ದಿ ಹಬ್ಬಿದ ಸಂಜೆ ಖಾಲಾಗಳೆಲ್ಲ ನನ್ನನ್ನು ಹುಡುಕಿಕೊಂಡು ಬಂದರು. ಅದುವರೆಗೆ ಯಾರೂ ನನ್ನನ್ನು ಅಷ್ಟು ಮರ್ಯಾದೆಯಿಂದ ಕರೆದಿರಲಿಲ್ಲ. ಒಂದು ಮನೆಗೆ ಒಂದು ಬಾಳೆಹಣ್ಣಿನಂತೆ ಸಂಭಾವನೆ ಪಡೆದು ಆರೂ ಬಾಗಿಲಿಗೆ ಬರೆದೆ. ನಾನಿಗೆ ಮಾತ್ರ ಸಮಾಧಾನವಿಲ್ಲ. ಬರುವ ದೆವ್ವಕ್ಕೆ ಕನ್ನಡ ಬರದಿದ್ದರೆ ಏನು ಗತಿ? ಅವರ ಒತ್ತಾಯಕ್ಕೆ ಕೆಳಗೆ ಉರ್ದುವಿನಲ್ಲೂ "ಕಲ್ ಆ" ಎಂದು ಬರೆದೆ. ಬಹುಶಃ ಬೆಂಗಳೂರಿನಲ್ಲಿ ದೆವ್ವಗಳಿಗಾಗಿ ಹಾಕಿದ ಮೊದಲ ದ್ವಿಭಾಷಾ ಫಲಕ ನಮ್ಮದೇ.

ಬೆಳಗ್ಗೆ ಹಾಲು ತರಲು ಹೊರಟ ಪಕ್ಕದ ಮನೆಯ ತಾತ ನಮ್ಮ ಬಾಗಿಲ ಮುಂದೆ ನಿಂತು ಗಹಗಹಿಸಿ ನಗುತ್ತಿದ್ದರು. ನಾನು ಬರೆದಿದ್ದು "ನಾಲೆ ಬಾ". ನಮ್ಮ ಮನೆಮಾತಿನಲ್ಲಿ ಳ ಇಲ್ಲ, ನನ್ನ ನಾಲಿಗೆಗೂ ಇರಲಿಲ್ಲ, ಕೈಗೂ ಇರಲಿಲ್ಲ. ಹಳ್ಳಿ ನನಗೆ ಹಲ್ಲಿ, ಹುಳಿ ನನಗೆ ಹುಲಿ. "ಊಟಕ್ಕೆ ಹುಲಿ ಮಾಡಿದ್ದಾರೆ" ಎಂದು ತರಗತಿಯಲ್ಲಿ ಹೇಳಿ ಪೆಚ್ಚಾದವಳು ನಾನು. ತಾತ ಮಾತ್ರ ಗೇಲಿ ಮಾಡಲಿಲ್ಲ. ಕೈಗೆ ಸೀಮೆಸುಣ್ಣ ಕೊಟ್ಟು, "ದೆವ್ವ ಓದ್ಕೊಂಡು ನಾಲೇನ ಕರ್ಕೊಂಡು ಬಂದ್ರೆ ಒಳ್ಳೇದೇ ಆಯ್ತಲ್ಲಮ್ಮ, ಕೊಳಾಯೀಲಿ ನೀರು ಬಂದು ಮೂರು ದಿನ ಆಯ್ತು" ಅಂದರು. ಆಮೇಲೆ ಳ ಬರೆಯುವುದು ಹೇಗೆ ಎಂದು ಗೋಡೆಯ ಮೇಲೆ ತೋರಿಸಿಕೊಟ್ಟರು. ಆ ಅಕ್ಷರವನ್ನು ನಾನು ಕಲಿತದ್ದು ಹಾಗೆ. ಮುಂದೆ ಕನ್ನಡ ಬಿ.ಎ. ಮಾಡಿದೆ, ಶಿಕ್ಷಕಿಯಾದೆ. ತಾತ ಆಡಿದ ಆ ಒಂದು ಮಾತು ನನ್ನ ತಲೆಯಲ್ಲಿ ಉಳಿದುಬಿಟ್ಟಿತು. ಅದರಿಂದ ಹುಟ್ಟಿದ ಕಥೆಯನ್ನು ಆಮೇಲೆ ಹೇಳುತ್ತೇನೆ.

ಮಕ್ಕಳನ್ನು ಹೆದರಿಸುವ ವಿದ್ಯೆ ನಮ್ಮಲ್ಲಿ ಹಳೆಯದು. ಕನ್ನಡದಲ್ಲಿ ಗುಮ್ಮ, ಉರ್ದುವಿನಲ್ಲಿ ಹೌವಾ. ಊಟ ಮಾಡದಿದ್ದರೆ ಗುಮ್ಮ, ಮಲಗದಿದ್ದರೆ ಗುಮ್ಮ, ಹೊರಗೆ ಹೋದರೆ ಗುಮ್ಮ. ಗುಮ್ಮನನ್ನು ಕರೆಯಬೇಡ ಎಂದು ಬಾಲಕೃಷ್ಣನೇ ತಾಯಿಯನ್ನು ಬೇಡಿಕೊಳ್ಳುವ ಒಂದು ಪದ ಪುರಂದರದಾಸರದ್ದಿದೆ. ಅಂದರೆ ಐದು ಶತಮಾನದ ಹಿಂದೆಯೂ ತಾಯಂದಿರು ಇದೇ ಕೆಲಸ ಮಾಡುತ್ತಿದ್ದರು, ಮಕ್ಕಳು ಹೀಗೇ ಗೋಗರೆಯುತ್ತಿದ್ದರು. ಆದರೆ ಇದು ಕಥೆಯಲ್ಲ, ಬೆದರಿಕೆ. ಮಗುವಿನ ಬಾಯಿ ಮುಚ್ಚಿಸಲು ಕರೆಯುವ ಗುಮ್ಮ. ನಾನು ಹೇಳುತ್ತಿರುವ ಗುಮ್ಮ ಅದಲ್ಲ.

ನಾನು ಹೇಳುವ ಬಗೆಯನ್ನು ಕನ್ನಡಕ್ಕೆ ಚೆನ್ನಾಗಿ ತೋರಿಸಿಕೊಟ್ಟವರು ಪಂಜೆ ಮಂಗೇಶರಾಯರು. 1874ರಲ್ಲಿ ಬಂಟ್ವಾಳದಲ್ಲಿ ಹುಟ್ಟಿದವರು, 1937ರಲ್ಲಿ ತೀರಿಕೊಂಡರು. ಶಾಲಾ ಮಾಸ್ತರರಾಗಿ, ಇನ್ಸ್‌ಪೆಕ್ಟರಾಗಿ ಮಕ್ಕಳ ನಡುವೆಯೇ ಇದ್ದವರು. ಅವರ 'ಹಾವಿನ ಹಾಡು' ನಿಮ್ಮಲ್ಲಿ ಅನೇಕರಿಗೆ ಬಾಯಿಪಾಠವಿದೆ. ಅದರ ಕಟ್ಟು ಎಂಥದ್ದು ಎಂದು ಎಂದಾದರೂ ಯೋಚಿಸಿದ್ದೀರಾ? ಮೊದಲು ಹಾವನ್ನು ಹೊಗಳಿ ಹೊಗಳಿ ಕರೆಯುವುದು. ಹೆಡೆ ಬಿಚ್ಚು, ಹತ್ತಿರ ಬಾ ಎಂದು ಉಪಚಾರ. ಕೊನೆಗೆ ಅದು ನಿಜಕ್ಕೂ ಹತ್ತಿರ ಬಂದ ಹಾಗಾದಾಗ, ಈಗಲೇ ಹೊರಟುಹೋಗು ಮಾರಾಯ ಎಂದು ಕೈಮುಗಿಯುವುದು. ಕರೆಯುವ ಧೈರ್ಯವೂ ಮಗುವಿನದು, ಕಳಿಸುವ ಅಧಿಕಾರವೂ ಮಗುವಿನದು. ಹಾವು ಆಳೆತ್ತರ ಹೆಡೆ ಎತ್ತಿದರೂ ಪದ್ಯ ಮುಗಿಯುವಾಗ ಹೊರಗೆ ಹೋಗಲೇಬೇಕು. ನನ್ನ ಪ್ರಕಾರ ಚಿಕ್ಕ ಮಕ್ಕಳ ಭಯದ ಕಥೆಗೆ ಇದಕ್ಕಿಂತ ಒಳ್ಳೆಯ ಅಚ್ಚು ಇಲ್ಲ.

ಕುವೆಂಪು ಅವರ 'ಬೊಮ್ಮನಹಳ್ಳಿಯ ಕಿಂದರಿಜೋಗಿ' ಇನ್ನೊಂದು ದಾರಿ ಹಿಡಿಯಿತು. ಇಂಗ್ಲಿಷಿನ ರಾಬರ್ಟ್ ಬ್ರೌನಿಂಗ್ 1842ರಲ್ಲಿ ಪ್ರಕಟಿಸಿದ ಕವಿತೆಯ ಕಥೆ ಅದು. ಮೂಲದ ಊರು ಜರ್ಮನಿಯಲ್ಲಿದೆ. ಕುವೆಂಪು ಅದನ್ನು ತಂದು ತುಂಗೆಯ ದಂಡೆಯ ಮೇಲೆ ಎಷ್ಟು ಚೆನ್ನಾಗಿ ಕೂರಿಸಿದರೆಂದರೆ, ಗೌಡ ನಮ್ಮ ಗೌಡನೇ, ಇಲಿಗಳು ನಮ್ಮ ಅಟ್ಟದ ಇಲಿಗಳೇ. ಬಣ್ಣಬಣ್ಣದ ಇಲಿಗಳು ಓಡಿಬರುವ ಭಾಗಕ್ಕೆ ಮಕ್ಕಳು ಬಿದ್ದುಬಿದ್ದು ನಗುತ್ತಾರೆ. ಆಮೇಲೆ ಗೌಡ ಮಾತಿಗೆ ತಪ್ಪುತ್ತಾನೆ, ಜೋಗಿ ಮತ್ತೆ ಕಿಂದರಿ ನುಡಿಸುತ್ತಾನೆ, ಊರಿನ ಮಕ್ಕಳೆಲ್ಲ ಅವನ ಹಿಂದೆ ಬೆಟ್ಟದೊಳಗೆ ಹೋಗಿಬಿಡುತ್ತಾರೆ. ಕುಂಟ ಹುಡುಗನೊಬ್ಬ ಹೊರಗೆ ಉಳಿಯುತ್ತಾನೆ. ಇಲ್ಲಿ ಬರುವಾಗ ನನ್ನ ತರಗತಿ ಪ್ರತಿ ವರ್ಷವೂ ಸ್ತಬ್ಧವಾಗುತ್ತದೆ. ಒಳಗೆ ಹೋದವರಿಗೆ ಏನಾಯಿತು ಮಿಸ್? ಹೊರಗುಳಿದವನು ಯಾರ ಜೊತೆ ಆಡುತ್ತಾನೆ ಮಿಸ್? ಎರಡನೆಯ ಪ್ರಶ್ನೆಯನ್ನು ಕೇಳುವ ಮಗುವನ್ನು ನಾನು ಗುರುತಿಟ್ಟುಕೊಳ್ಳುತ್ತೇನೆ. ಅದು ಸಾಮಾನ್ಯವಾಗಿ ಆಟದಲ್ಲಿ ಯಾರೂ ಸೇರಿಸಿಕೊಳ್ಳದ ಮಗುವೇ ಆಗಿರುತ್ತದೆ.

ಇನ್ನು ಚಂದಮಾಮ. 1947ರಲ್ಲಿ ತೆಲುಗು, ತಮಿಳಿನಲ್ಲಿ ಶುರುವಾಗಿ 1949ರಲ್ಲಿ ಕನ್ನಡಕ್ಕೆ ಬಂದ ಪತ್ರಿಕೆ. ಈಗ ಇಲ್ಲ, ಹತ್ತು ಹನ್ನೆರಡು ವರ್ಷದ ಹಿಂದೆಯೇ ನಿಂತುಹೋಯಿತು. ಅಬ್ಬಾ ಅವೆನ್ಯೂ ರಸ್ತೆಯ ಹಳೇ ಪುಸ್ತಕದವರಿಂದ ಹರಿದ ಸಂಚಿಕೆಗಳನ್ನು ಕಟ್ಟುಗಟ್ಟಲೆ ತರುತ್ತಿದ್ದರು. ಮೊದಲು ತೆರೆಯುತ್ತಿದ್ದುದು ಬೇತಾಳದ ಪುಟ. ಹೆಗಲ ಮೇಲೆ ಹೆಣ, ಕೈಯಲ್ಲಿ ಕತ್ತಿ, ಕಾಲ ಬಳಿ ಹಾವು, ತಲೆಬುರುಡೆ. ಶಂಕರ್ ಎಂಬ ಕಲಾವಿದರು ಬರೆದ ಆ ಚಿತ್ರ ನೋಡಿ ಕಂಬಳಿ ಎಳೆದುಕೊಳ್ಳದ ಮಗುವಿಲ್ಲ. ಆದರೆ ಆ ಬೇತಾಳ ಮಾಡುತ್ತಿದ್ದುದೇನು? ಕಚ್ಚಲಿಲ್ಲ, ರಕ್ತ ಕುಡಿಯಲಿಲ್ಲ. ಕಥೆ ಹೇಳಿ ಪ್ರಶ್ನೆ ಕೇಳುತ್ತಿತ್ತು! ಉತ್ತರ ಗೊತ್ತಿದ್ದೂ ಹೇಳದಿದ್ದರೆ ತಲೆ ಸಿಡಿಯುತ್ತದೆ ಎಂಬ ಷರತ್ತು ಬೇರೆ. ಮಕ್ಕಳೇ, ನಿಮ್ಮ ಪರೀಕ್ಷಾ ಕೊಠಡಿಯ ಮೇಲ್ವಿಚಾರಕರು ಇದಕ್ಕಿಂತ ಎಷ್ಟೋ ಮೇಲು. ಸಂಸ್ಕೃತದ ಮೂಲದಲ್ಲಿ ಬೇತಾಳನ ಕಥೆಗಳು ಇರುವುದು ಇಪ್ಪತ್ತೈದೇ. ಚಂದಮಾಮದವರು ಅದನ್ನು ದಶಕಗಟ್ಟಲೆ ನಡೆಸಿದರು, ದೆವ್ವ ಪ್ರತಿ ತಿಂಗಳೂ ಮರ ಹತ್ತುತ್ತಲೇ ಇತ್ತು. ಅದೂ ಒಂದು ಬಗೆಯ "ನಾಳೆ ಬಾ" ತಾನೇ?

ನಮ್ಮ ನಾನಿಯ ಬಳಿ ಪುಸ್ತಕವಿರಲಿಲ್ಲ. ಅವರ ಕಥೆಗಳಲ್ಲಿ ನನಗೆ ಬಹಳ ಇಷ್ಟವಾದದ್ದು ಬೆಸ್ತ ಮತ್ತು ಜಿನ್ನಿಯದು, ಅರೇಬಿಯನ್ ನೈಟ್ಸ್‌ನದ್ದು. ಬಲೆಗೆ ಒಂದು ತಾಮ್ರದ ಹೂಜಿ ಸಿಗುತ್ತದೆ, ಮುಚ್ಚಳ ತೆಗೆದರೆ ಹೊಗೆ, ಹೊಗೆಯಿಂದ ಆಕಾಶದೆತ್ತರದ ಜಿನ್. ನಿನ್ನನ್ನು ಕೊಲ್ಲುತ್ತೇನೆ ಅನ್ನುತ್ತದೆ. ಬೆಸ್ತ ಏನು ಮಾಡಿದ? ಇಷ್ಟು ದೊಡ್ಡವನು ಇಷ್ಟು ಚಿಕ್ಕ ಹೂಜಿಯಲ್ಲಿ ಇದ್ದೆ ಎಂದರೆ ನಾನು ನಂಬುವುದಿಲ್ಲ, ಎಲ್ಲಿ ತೋರಿಸು ಎಂದ. ಜಿನ್ ತೋರಿಸಲು ಒಳಗೆ ಹೋಯಿತು, ಬೆಸ್ತ ಮುಚ್ಚಳ ಹಾಕಿದ. ನಾನಿ ಇದನ್ನು ಹೇಳುವಾಗ ಅಡುಗೆಮನೆಯ ಉಪ್ಪಿನಕಾಯಿ ಜಾಡಿಯ ಮುಚ್ಚಳವನ್ನು ಟಪ್ ಎಂದು ಮುಚ್ಚುತ್ತಿದ್ದರು. ಆ "ಟಪ್" ಕೇಳಲು ನಾವು ಇಡೀ ಕಥೆಯನ್ನು ಉಸಿರು ಬಿಗಿಹಿಡಿದು ಕೇಳುತ್ತಿದ್ದೆವು. ಬಾಗ್ದಾದಿನ ಕಡೆಯ ಬೆಸ್ತನೂ ಬೆಂಗಳೂರಿನ ಗೃಹಿಣಿಯೂ ದೊಡ್ಡ ಭೂತವನ್ನು ಸೋಲಿಸಿದ್ದು ಬರೀ ಒಂದು ಮಾತಿನಿಂದ.

ಇಷ್ಟೆಲ್ಲ ತಿಳಿದವಳು ನಾನು ಎಂದುಕೊಂಡು ನೀವು ತಲೆದೂಗುವ ಮೊದಲು ನನ್ನ ತಪ್ಪೊಂದನ್ನು ಹೇಳಿಬಿಡಬೇಕು. ಈ ಭಾಷಣ ಒಪ್ಪಿಕೊಂಡದ್ದೇ ಅದಕ್ಕಾಗಿ.

ಕೆಲಸಕ್ಕೆ ಸೇರಿದ ಹೊಸದು. ಮೂರನೇ ತರಗತಿ, ಮಳೆಗಾಲದ ಸಂಜೆ, ಕೊನೆಯ ಪೀರಿಯಡ್ಡು, ಕರೆಂಟಿಲ್ಲ. ಮಕ್ಕಳು ದೆವ್ವದ ಕಥೆ ಬೇಕು ಎಂದು ಪೀಡಿಸಿದರು. ನನಗೂ ಹುರುಪು. "ನಾಳೆ ಬಾ" ಕಥೆ ತೆಗೆದೆ. ಬಾಗಿಲು ತಟ್ಟುವುದಕ್ಕೆ ಮೇಜು ತಟ್ಟಿದೆ. ದೆವ್ವ ತಾಯಿಯ ದನಿಯಲ್ಲಿ ಕೂಗುವುದನ್ನು ಹೇಳುವಾಗ ದನಿ ಬದಲಿಸಿ ಕೂಗಿದೆ. ತರಗತಿ ಗಡಗಡ. ನನಗೋ ಒಳಗೊಳಗೇ ಹೆಮ್ಮೆ. ಅಷ್ಟರಲ್ಲಿ ಗಂಟೆ ಹೊಡೆಯಿತು. ದೆವ್ವ "ನಾಳೆ ಬಾ" ಓದಿ ಪೆಚ್ಚಾಗಿ ಹೋಗುವ ತಮಾಷೆಯ ಭಾಗವನ್ನು ಹೇಳಲೇ ಇಲ್ಲ. ಮಿಕ್ಕಿದ್ದು ನಾಳೆ ಎಂದು ಕಳಿಸಿಬಿಟ್ಟೆ.

ಆ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಹೆಸರು ಬೇಡ. ಅವನ ತಾಯಿ ಎರಡನೇ ಪಾಳಿಯಲ್ಲಿ ಕೆಲಸ ಮಾಡುತ್ತಿದ್ದರು, ಮನೆಗೆ ಬರುವಾಗ ರಾತ್ರಿ ಹತ್ತು ದಾಟುತ್ತಿತ್ತು. ತಂದೆ ಊರಲ್ಲಿಲ್ಲ. ಹುಡುಗ ಒಳಗಿನಿಂದ ಚಿಲಕ ಹಾಕಿಕೊಂಡು ತಂಗಿಯ ಜೊತೆ ಇರುತ್ತಿದ್ದ. ತಾಯಿ ಬಂದು ಕೂಗಿದರೆ ಬಾಗಿಲು ತೆಗೆಯುತ್ತಿದ್ದ. ಆ ರಾತ್ರಿ ತಾಯಿ ಬಂದರು, ತಟ್ಟಿದರು, ಕೂಗಿದರು. ಒಳಗೆ ಸದ್ದಿಲ್ಲ. ಮತ್ತೆ ಕೂಗಿದರು. ಮಳೆ. ಅರ್ಧ ಗಂಟೆ ಆಕೆ ಹೊರಗೆ ನೆನೆಯುತ್ತಾ ನಿಂತಿದ್ದರು. ಅಕ್ಕಪಕ್ಕದವರು ಎದ್ದು ಬಂದು ಅವರೂ ಕೂಗಿದ ಮೇಲೆ ಬಾಗಿಲು ತೆರೆಯಿತು. ಹುಡುಗ ತಂಗಿಯನ್ನು ಮಂಚದ ಕೆಳಗೆ ಬಚ್ಚಿಟ್ಟಿದ್ದನಂತೆ.

ಮರುದಿನ ಬೆಳಗ್ಗೆ ಆಕೆ ಶಾಲೆಗೆ ಬಂದರು. ಜಗಳಕ್ಕೆ ಬಂದಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು. ಆಕೆ ಮೆಲ್ಲಗೆ, "ಟೀಚರ್, ನಿನ್ನೆ ನನ್ನ ಮಗ ನನಗೇ 'ನಾಳೆ ಬಾ' ಅಂದ" ಎಂದರು. ಅಷ್ಟೇ ಹೇಳಿ ಸೆರಗಿನಿಂದ ಮುಖ ಒರೆಸಿಕೊಂಡರು.

ನಾನು ಏನು ಹೇಳಿದೆನೋ ನೆನಪಿಲ್ಲ. ಕ್ಷಮೆ ಕೇಳಿದೆ ಎಂಬುದಷ್ಟೇ ನೆನಪು. ಇನ್ನು ಮೇಲೆ ದೆವ್ವದ ಕಥೆಯೇ ಬೇಡ ಎಂದು ಆ ಬೆಳಗ್ಗೆ ತೀರ್ಮಾನಿಸಿದ್ದೆ. ಆದರೆ ತರಗತಿಗೆ ಹೋಗಿ ಆ ಹುಡುಗನ ಮುಖ ನೋಡಿದಾಗ ಅರ್ಥವಾಯಿತು, ದೆವ್ವವನ್ನು ತರಗತಿಯೊಳಗೆ ಕರೆತಂದವಳು ನಾನು. ಅದನ್ನು ಅಲ್ಲೇ ಬಿಟ್ಟು ಪಾಠ ಪುಸ್ತಕ ತೆರೆಯುವ ಹಾಗಿಲ್ಲ. ಹಾವಿನ ಹಾಡಿನ ಕೊನೆಯ ನುಡಿಯನ್ನು ನಾನು ಹಾಡಿರಲಿಲ್ಲ.

ಅದಕ್ಕೇ ಮಕ್ಕಳನ್ನು ಕೇಳಿದೆ: "ದೆವ್ವ ಅಮ್ಮನ ದನಿಯಲ್ಲಿ ಕೂಗಿದರೆ, ಅದು ಅಮ್ಮ ಅಲ್ಲ ಅಂತ ಹೇಗೆ ಕಂಡುಹಿಡಿಯುತ್ತೀರಿ?" ಒಂದು ನಿಮಿಷ ಮೌನ. ಆಮೇಲೆ ಒಬ್ಬಳು, "ನಮ್ಮಮ್ಮ ಮೊದಲು ಬೈತಾಳೆ ಮಿಸ್, ಆಮೇಲೆ ಕರೀತಾಳೆ" ಅಂದಳು. ಇನ್ನೊಬ್ಬ, "ಬೆಳಿಗ್ಗೆ ನಾನು ಯಾವ ಲೋಟ ಒಡೆದೆ ಅಂತ ಕೇಳ್ತೀನಿ, ದೆವ್ವಕ್ಕೆ ಹೇಗೆ ಗೊತ್ತಿರತ್ತೆ?" ಅಂದ. "ನನ್ನ ಮನೆ ಹೆಸರು ಬೇರೆ ಇದೆ, ಅದು ಹೇಳಲ್ಲ" ಎಂದು ಮತ್ತೊಬ್ಬಳು ನಾಚಿಕೊಂಡಳು. ತರಗತಿ ನಗಲು ಶುರುವಾಯಿತು. ಕೊನೆಗೆ ನಮ್ಮ ಹುಡುಗನೂ ಕೈ ಎತ್ತಿದ. "ನಾನು 'ಏನು ತಂದೆ' ಅಂತ ಕೇಳ್ತೀನಿ. ನಮ್ಮಮ್ಮ ದಿನಾ ಬನ್ನು ತರ್ತಾಳೆ. ದೆವ್ವ ಬೇಕರಿಗೆ ಹೋಗಲ್ಲ." ಅಂದಿನಿಂದ ತಾಯಿ ಮಗನ ನಡುವೆ ಅದೇ ಗುರುತಿನ ಮಾತು. ಎಷ್ಟೋ ದಿನ ಆದ ಮೇಲೆ ಆಕೆ ಸಿಕ್ಕಾಗ, "ಬನ್ನು ಖಾಲಿಯಾಗಿದ್ದ ದಿನ ಬಾಗಿಲಲ್ಲಿ ನಿಂತು ಬೇಡಿಕೋಬೇಕು ಟೀಚರ್" ಎಂದು ನಕ್ಕರು.

ಆ ವಾರವೇ ತಾತನ ಮಾತು ನೆನಪಾಗಿ ಒಂದು ಕಥೆ ಕಟ್ಟಿದೆ. ಚಿಕ್ಕದು, ಕೇಳಿ.

ಒಂದು ಮರಿದೆವ್ವ. ಒಂದನೇ ತರಗತಿ. ಈಗತಾನೇ ಅಕ್ಷರ ಕಲಿತಿದೆ. ಅಮ್ಮದೆವ್ವ ಅದನ್ನು ಮೊದಲ ಸಲ ಕೆಲಸಕ್ಕೆ ಕಳಿಸಿತು: "ಹೋಗು, ಶ್ರೀನಗರದಲ್ಲಿ ನಾಲ್ಕು ಜನರನ್ನ ಹೆದರಿಸಿ ಬಾ." ಮರಿದೆವ್ವ ಬಂದು ಮೊದಲ ಬಾಗಿಲು ನೋಡಿದರೆ, "ನಾಲೆ ಬಾ" ಎಂದು ಬರೆದಿದೆ. "ಪಾಪ, ಯಾರೋ ನಾಲೆಯನ್ನ ಕರೀತಿದಾರೆ, ನಾಲೆಗೆ ತಿಳಿಸಬೇಕಲ್ಲ" ಎಂದು ಮಂಡ್ಯದ ಕಡೆ ಹೊರಟಿತು. ಅದರ ಪಾದ ಹಿಂದುಮುಂದು ನೋಡಿ, ಹೋದಷ್ಟೂ ಹೆಜ್ಜೆ ಗುರುತು ವಾಪಸು ಬಂದ ಹಾಗೇ ಕಾಣುತ್ತಿತ್ತು. ಮಂಡ್ಯದ ನಾಲೆ ಗೊರಕೆ ಹೊಡೆಯುತ್ತಿತ್ತು. "ಎದ್ದೇಳು, ನಿನ್ನನ್ನ ಬೆಂಗಳೂರಲ್ಲಿ ಕರೀತಿದಾರೆ." "ನನ್ನನ್ನಾ? ಇದುವರೆಗೆ ಯಾರೂ ಹೆಸರು ಹಿಡಿದು ಕರೆದಿರಲಿಲ್ಲ" ಎಂದು ನಾಲೆ ಖುಷಿಯಾಗಿ ಗುಳುಗುಳು ಎನ್ನುತ್ತಾ ಹಿಂದೆಯೇ ಬಂತು. ರಾತ್ರಿ ಎರಡು ಗಂಟೆಗೆ ಬೀದಿಯಲ್ಲಿ ನೀರಿನ ಸದ್ದು! ಮರಿದೆವ್ವ ಈಗ ಹೆದರಿಸಬೇಕು ಎಂದು ಹಲ್ಲು ಕಿರಿದು "ಹೂಂಂಂ" ಎಂದಿತು. ಯಾರಿಗೆ ಕೇಳಬೇಕು? ಖಾಲಾಗಳು, ಅಕ್ಕಂದಿರು, ಅಜ್ಜಿಯರು ಎಲ್ಲ ಬಕೆಟ್ಟು, ಬಿಂದಿಗೆ, ಕೊಡ, ಡ್ರಮ್ಮು ಹಿಡಿದು ಓಡಿ ಬಂದರು. ಒಬ್ಬ ಖಾಲಾ ಮರಿದೆವ್ವದ ಕೈಗೆ ಬಿಂದಿಗೆ ಕೊಟ್ಟು, "ನಿಂತ್ಕೊಂಡು ಏನ್ ನೋಡ್ತೀಯಾ, ಹಿಡ್ಕೊ, ನೀರು ನಿಂತೋಗತ್ತೆ" ಎಂದು ಗದರಿದಳು. ಮರಿದೆವ್ವ ಸಾಲಿನಲ್ಲಿ ನಿಂತಿತು. ಬೆಳಗಿನ ಜಾವ ಮನೆಗೆ ಹೋದಾಗ ಅಮ್ಮದೆವ್ವ ಕೇಳಿತು: "ಎಷ್ಟು ಜನರನ್ನ ಹೆದರಿಸಿದೆ?" ಮರಿದೆವ್ವ ಸೊಂಟ ಹಿಡಿದುಕೊಂಡು, "ಅಮ್ಮಾ, ನಲವತ್ತು ಬಿಂದಿಗೆ ಹೊತ್ತೆ. ಇನ್ನು ನಾನು ಆ ಬೀದಿಗೆ ಹೋಗಲ್ಲ, ಅಲ್ಲಿನ ಹೆಂಗಸರನ್ನ ಕಂಡ್ರೆ ಭಯ ಆಗತ್ತೆ" ಅಂದಿತು.

ಈ ಕಥೆ ಹೇಳಿದ ಮೇಲೆ ನನ್ನ ತರಗತಿಯಲ್ಲಿ ಳ ಮತ್ತು ಲ ತಪ್ಪುವವರು ಕಡಿಮೆಯಾದರು. ನಿಂತುಹೋಗಲಿಲ್ಲ, ಸುಳ್ಳು ಹೇಳಬಾರದು. ಆದರೆ ಯಾರಾದರೂ ತಪ್ಪಿದರೆ ಪಕ್ಕದವರು ಬೈಯುವುದಿಲ್ಲ, "ನಾಲೆ ಬಂತು, ಬಿಂದಿಗೆ ತಗೊ" ಅನ್ನುತ್ತಾರೆ. ಮತ್ತೊಂದು ಲಾಭ ವ್ಯಾಕರಣದ್ದು. ಅನುಕರಣಾವ್ಯಯ ಎಂದು ಬೋರ್ಡಿನ ಮೇಲೆ ಬರೆದರೆ ಮಕ್ಕಳು ಆಕಳಿಸುತ್ತಾರೆ. ಕಿರ್ರನೆ ಬಾಗಿಲು, ದಬದಬ ಹೆಜ್ಜೆ, ಗಡಗಡ ನಡುಕ, ಗುಳುಗುಳು ನೀರು ಎಂದರೆ ಪಾಠ ಅರ್ಧ ಪೀರಿಯಡ್ಡಿನಲ್ಲಿ ಮುಗಿಯುತ್ತದೆ.

ಪದ್ಯದ ವಿಷಯದಲ್ಲಿ ಮಕ್ಕಳು ನನಗೇ ಪಾಠ ಕಲಿಸಿದರು. ನಾನು ಬರೆದ ಪದ್ಯ ಇದು:

ಮಂಚದ ಕೆಳಗಡೆ ಕೊರಕೊರ ಸದ್ದು,
ಮಿಂಚಿನ ಹಾಗೆ ಕೂತೆನು ಎದ್ದು.
"ಯಾರದು?" ಎಂದೆ ನಡುಗುವ ದನಿಯಲಿ,
"ಯಾರದು?" ಎಂದಿತು ಅದೂ ಅಳುದನಿಯಲಿ.

"ದೆವ್ವವೆ ನೀನು?" ಎಂದೆನು ಬೆದರಿ,
"ಅವ್ವಾ!" ಎಂದಿತು ಗಡಗಡ ಅದುರಿ.
"ಮೇಲಿನ ಮಂಚದ ಮನುಷ್ಯ ನೀನಾ?
ಕಾಲನು ಕೆಳಗಿಟ್ಟು ತುಳಿಯುವೆ ಏನಾ?"

ಬಿಸ್ಕತ್ತೊಂದನು ಕೆಳಗಡೆ ಬಿಟ್ಟೆ,
ನಿದ್ದೆಯು ಬಂದಿತು, ಕಣ್ಮುಚ್ಚಿಬಿಟ್ಟೆ.
ಬೆಳಗೆದ್ದು ನೋಡಿದೆ, ಬಿಸ್ಕತ್ತು ಇಲ್ಲ!
ಇಲಿಯೋ ದೆವ್ವವೋ, ಯಾರಿಗು ಗೊತ್ತಿಲ್ಲ.

ಕೊನೆಯ ಸಾಲು ನನ್ನದಲ್ಲ. ನಾನು ಬರೆದಿದ್ದ ಕೊನೆಯಲ್ಲಿ ದೀಪ ಹಾಕಿ ನೋಡಿದರೆ ಅದು ಇಲಿ, ದೆವ್ವಗಿವ್ವ ಏನೂ ಇಲ್ಲ ಎಂದು ತೀರ್ಪು ಕೊಟ್ಟಿದ್ದೆ. ಮಕ್ಕಳ ಮುಖ ಬಾಡಿತು. "ಮಿಸ್, ಅದು ಇಲಿ ಆದ್ರೆ 'ಅವ್ವಾ' ಅಂತ ಅಂದವರು ಯಾರು?" ಎಂದು ಒಬ್ಬ ಕೇಳಿದ. ನನ್ನ ಬಳಿ ಉತ್ತರವಿರಲಿಲ್ಲ. ಕೊನೆ ಬದಲಾಯಿತು.

ಕೆಲವು ಪೋಷಕರು ಕೇಳುತ್ತಾರೆ, ದೆವ್ವದ ಕಥೆ ಯಾಕೆ, ನೀತಿ ಕಥೆ ಹೇಳಬಾರದೇ? ಒಬ್ಬ ಹಿರಿಯರು, "ಜಿನ್ ಇಲ್ಲ ಅಂತ ಹೇಳಿಕೊಡ್ತೀರೋ, ಇದೆ ಅಂತ ಹೇಳಿಕೊಡ್ತೀರೋ?" ಎಂದು ನೇರವಾಗಿಯೇ ಕೇಳಿದರು. ನಂಬಿಕೆಯ ಮಾತು ಮನೆಯವರದ್ದು, ಬಲ್ಲವರದ್ದು. ಅದರಲ್ಲಿ ನಾನು ಕೈ ಹಾಕುವುದಿಲ್ಲ ಎಂದೆ. ಬಿಂದಿಗೆ ಹೊರುವ ಮರಿದೆವ್ವವನ್ನು ಯಾವ ಮಗುವೂ ನಂಬಿಕೆಯ ವಿಷಯ ಎಂದುಕೊಳ್ಳುವುದಿಲ್ಲ. ಹಿರಿಯರಿಗೆ ಪೂರ್ತಿ ಒಪ್ಪಿಗೆಯಾಗಲಿಲ್ಲ. ಹೋಗುವಾಗ ಮಾತ್ರ, "ಆ ನಾಲೆ ಕಥೆ ಇನ್ನೊಂದು ಸಲ ಹೇಳಿ, ಮೊಮ್ಮಗಳು ಕೇಳ್ತಾಳೆ" ಅಂದರು.

ನನಗಿರುವ ಆತಂಕ ಬೇರೆ. ಇವತ್ತು ನಾಲ್ಕನೇ ತರಗತಿಯ ಮಗು ಮೊಬೈಲಿನಲ್ಲಿ ನೋಡುವ ಭೂತದ ವಿಡಿಯೋ ನಮ್ಮ ನಾನಿಯರು ಕನಸಲ್ಲೂ ಕಾಣದಷ್ಟು ಭೀಕರ. ಅದರ ಪಕ್ಕದಲ್ಲಿ ಜಾಡಿಯ ಮುಚ್ಚಳ ಮುಚ್ಚುವವರು ಯಾರೂ ಇಲ್ಲ. ಮಗು ಕಂಬಳಿಯೊಳಗೆ ಒಬ್ಬನೇ ನೋಡುತ್ತದೆ, ಒಬ್ಬನೇ ಹೆದರುತ್ತದೆ, ಬೆಳಗ್ಗೆ ಯಾರಿಗೂ ಹೇಳುವುದಿಲ್ಲ. ನಾನು ಹೆದರಿಸಿದ ಹುಡುಗನ ತಾಯಿ ಮರುದಿನ ಶಾಲೆಗೆ ಬಂದು ನನ್ನನ್ನು ಕೇಳಬಹುದಿತ್ತು. ಆ ವಿಡಿಯೋದವರನ್ನು ಯಾರು ಹೋಗಿ ಕೇಳುತ್ತಾರೆ?

ಹಾಗಾಗಿ ಮನೆಯಲ್ಲಿ ಹೇಳಿ. ದಖನಿಯಲ್ಲಿ ಹೇಳಿ, ಕನ್ನಡದಲ್ಲಿ ಹೇಳಿ, ತಮಿಳಿನಲ್ಲಿ ಹೇಳಿ, ದೆವ್ವಕ್ಕೆ ಎಲ್ಲ ಭಾಷೆಯೂ ಬರುತ್ತದೆ. ನನ್ನ ಅನುಭವದಲ್ಲಿ ಕಂಡ ಒಂದೆರಡು ಎಚ್ಚರಿಕೆ ಮಾತ್ರ ಇಟ್ಟುಕೊಳ್ಳಿ. ತಾಯಿಯ ದನಿಯನ್ನು ದೆವ್ವಕ್ಕೆ ಕೊಡಬೇಡಿ, ಮಗು ನಂಬಿರುವ ಒಂದೇ ದನಿ ಅದು. ದೆವ್ವ ಮಗುವಿನ ಮನೆಯೊಳಗೆ ಬರಬೇಕಾದರೆ ಅದಕ್ಕೊಂದು ಮನೆಯ ಕೊರತೆ ಇರಲಿ: ನೆಗಡಿ, ಲೆಕ್ಕ ಬರದಿರುವುದು, ಜಿರಳೆ ಕಂಡರೆ ಭಯ. ಕಥೆ ಶುರು ಮಾಡಿದರೆ ಮುಗಿಸಿಯೇ ಏಳಿ, ಕುಕ್ಕರ್ ಕೂಗಿದರೂ ಸರಿ. ಓದಿ ಹೇಳುವವರಿಗೆ ಬೊಳುವಾರು ಮಹಮದ್ ಕುಂಞಿ ಅವರು ಸಂಪಾದಿಸಿದ 'ತಟ್ಟು ಚಪ್ಪಾಳೆ ಪುಟ್ಟ ಮಗು' ಎಂಬ ಮಕ್ಕಳ ಪದ್ಯಗಳ ಸಂಕಲನವಿದೆ. ಪುತ್ತೂರಿನ ಬ್ಯಾರಿ ಮನೆಯಿಂದ ಬಂದ ಲೇಖಕರೊಬ್ಬರು ಕನ್ನಡದ ಮಕ್ಕಳ ಪದ್ಯಗಳನ್ನೆಲ್ಲ ಹುಡುಕಿ ಒಂದೆಡೆ ಕೂಡಿಸಿದರು ಎಂಬುದು ಇಲ್ಲಿ ಕೂತಿರುವ ಮಕ್ಕಳಿಗೆ ಗೊತ್ತಿರಲಿ. 2010ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲಸಾಹಿತ್ಯ ಪುರಸ್ಕಾರವೂ ಅವರಿಗೆ ಬಂತು, ಗಾಂಧೀಜಿಯ ಬಗ್ಗೆ ಬರೆದ ಪುಸ್ತಕಕ್ಕೆ. ಅದೇ ಪುರಸ್ಕಾರ 2022ರಲ್ಲಿ ತಮ್ಮಣ್ಣ ಬೀಗಾರರ 'ಬಾವಲಿ ಗುಹೆ'ಗೆ, 2024ರಲ್ಲಿ ಕೃಷ್ಣಮೂರ್ತಿ ಬಿಳಿಗೆರೆಯವರ 'ಛೂಮಂತ್ರಯ್ಯನ ಕಥೆಗಳು' ಪುಸ್ತಕಕ್ಕೆ ಸಿಕ್ಕಿತು. ಹೆಸರು ಕೇಳಿದರೇ ಮಕ್ಕಳ ಕಿವಿ ನೆಟ್ಟಗಾಗುತ್ತದೆ. ಸಂಘದ ವಾಚನಾಲಯಕ್ಕೆ ಸ್ಪರ್ಧಾತ್ಮಕ ಪರೀಕ್ಷೆಯ ಗೈಡುಗಳ ಜೊತೆಗೆ ಇಂಥ ನಾಲ್ಕು ಪುಸ್ತಕ ತರಿಸಿ ಎಂದು ಅಧ್ಯಕ್ಷರಲ್ಲಿ ನನ್ನ ಮನವಿ. ಅವರು ತಲೆ ಆಡಿಸುತ್ತಿದ್ದಾರೆ. ಎಲ್ಲರೂ ನೋಡಿದ್ದೀರಿ, ಸಾಕ್ಷಿ ಇರಲಿ.

ಮಾತು ಉದ್ದವಾಯಿತು. ಕಳೆದ ವರ್ಷದ ಒಂದು ಸಂಗತಿ ಹೇಳಿ ಕೂರುತ್ತೇನೆ. ವಾರ್ಷಿಕ ಪರೀಕ್ಷೆ, ಗಣಿತದ ದಿನ. ಬೆಳಗ್ಗೆ ಪ್ರಶ್ನೆಪತ್ರಿಕೆಯ ಕಟ್ಟು ಹಿಡಿದು ನಾನು ತರಗತಿಗೆ ಹೋದರೆ ಬಾಗಿಲು ಮುಚ್ಚಿದೆ. ಒಳಗೆ ಪಿಸುಪಿಸು, ಕಿಸಿಕಿಸಿ. ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ದಪ್ಪ ಅಕ್ಷರದಲ್ಲಿ ಬರೆದಿತ್ತು: ನಾಳೆ ಬಾ. ನಾನು ಹತ್ತಿರ ಹೋಗಿ ಮೊದಲು ನೋಡಿದ್ದು ಳ.

ಸರಿಯಾಗಿತ್ತು.